ಟೀಚರ್ ಆರಿಸಿದ ಸಿ.ಡಿ. ಪ್ಲೇಯರ್

ಚೆನ್ನಾಗಿದೆ ಎಂದು ಹೇಳುವವರನ್ನು ನಮ್ಮ ಟೀಚರ್ ನಂಬುತ್ತಿರಲಿಲ್ಲ. ನಾನು ಗೋವಿನಕೋವಿಯ ಹತ್ತಿರದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದ ಹೊಸತು. ಶಾಲೆಯ ಸಮಾರಂಭದಲ್ಲಿ ಅವರು ಒಂದು ಸೋಬಾನೆ ಹಾಡಿ ವೇದಿಕೆಯಿಂದ ಇಳಿದು ಬಂದರು. "ತುಂಬಾ ಚೆನ್ನಾಗಿತ್ತು ಟೀಚರ್" ಅಂದೆ. ಅವರು ಕನ್ನಡಕ ಸರಿ ಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನು ಚೆನ್ನಾಗಿತ್ತು?"

"ಎಲ್ಲಾನೂ ಟೀಚರ್" ಅಂದೆ.

"ಹಂಗಾದ್ರೆ ನೀವು ಕೇಳೇ ಇಲ್ಲ. ಯಾವುದಕ್ಕೆ ಹೊಗಳ್ತೀರಿ? ಪರೀಕ್ಷೆ ಡ್ಯೂಟಿ ತಪ್ಪಿಸ್ಕೊಳ್ಳಾಕಾ?"

ಅಲ್ಲಿಂದ ಶುರುವಾದ ನಮ್ಮ ಪರಿಚಯ ಅವರು ತೀರಿಕೊಳ್ಳುವವರೆಗೂ ಉಳಿಯಿತು. ತೀರಿಕೊಂಡದ್ದು ಹೋದ ತಿಂಗಳು, ಜಗಳೂರಿನಲ್ಲಿ, ಅಕ್ಕನ ಮಗಳ ಮನೆಯಲ್ಲಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಿದ್ದರೆ "ಹೆಸರು ಹಾಕಿದ್ದು ಯಾಕೆ, ನಿಮಗೇನು ಲಾಭ?" ಅಂತ ಖಂಡಿತ ಕೇಳುತ್ತಿದ್ದರು.

ಅವರು ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಪರೀಕ್ಷೆ ನಡೆಯುವಾಗ ಕೋಣೆಯ ಹಿಂಭಾಗದಲ್ಲೇ ನಿಲ್ಲುವರು. "ಮುಂದೆ ನಿಂತ್ರೆ ಹುಡುಗ್ರು ನನ್ನ ನೋಡ್ತಾವೆ. ಹಿಂದೆ ನಿಂತ್ರೆ ನಾನು ಎಲ್ಲಿದೀನಿ ಅಂತ ಗೊತ್ತಾಗಲ್ಲ, ಬೆವರ್ತಾವೆ" ಅನ್ನುವರು. ಹೊನ್ನಾಳಿಯ ಸಂತೆಯಲ್ಲಿ ತರಕಾರಿ ತೂಗುವಾಗ ತಕ್ಕಡಿಯ ಎರಡು ತಟ್ಟೆಗಳನ್ನು ಅದಲು ಬದಲು ಮಾಡಿಸಿ ಇನ್ನೊಮ್ಮೆ ತೂಗಿಸುವರು. ಬಿ.ಪಿ. ನೋಡಿದ ಡಾಕ್ಟರಿಗೆ ಇನ್ನೊಂದು ತೋಳು ಚಾಚುವರು. ಬೈದರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೈಯುವವರನ್ನೇ ಸ್ವಲ್ಪ ಹೆಚ್ಚು ನಂಬುತ್ತಿದ್ದರು ಅಂತ ನನಗೆ ಅನ್ನಿಸುತ್ತಿತ್ತು.

ಮದುವೆ ಆಗಿರಲಿಲ್ಲ. ನಿವೃತ್ತಿಯಾದ ಮೇಲೆ ಹೊನ್ನಾಳಿಯಲ್ಲಿ, ಹೊಳೆಗೆ ಹತ್ತಿರದ ಬೀದಿಯ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು. ಇದ್ದೊಬ್ಬ ಅಕ್ಕನನ್ನು ಜಗಳೂರಿಗೆ ಕೊಟ್ಟಿತ್ತು. ಅಕ್ಕ ತಂಗಿ ಇಬ್ಬರೂ ಹಾಡುವವರು. ಮದುವೆ ಮನೆಗಳಲ್ಲಿ ಅಕ್ಕ ಮುಂದಿನ ಸಾಲು ಹೇಳುವುದು, ತಂಗಿ ಹಿಂದಿನಿಂದ ಎತ್ತಿಕೊಳ್ಳುವುದು. ಸುತ್ತಮುತ್ತಲ ತಾಲೂಕುಗಳಲ್ಲಿ ಅವರ ಜೋಡಿ ಗೊತ್ತಿಲ್ಲದ ಹೆಂಗಸರಿರಲಿಲ್ಲ. ಯಾರೋ ಮುಂದೆ ನಿಂತು ಅವರ ಹಾಡುಗಳದ್ದೊಂದು ಸಿ.ಡಿ. ಮಾಡಿಸಿದ್ದರು. ಕವರಿನ ಮೇಲೆ ಇಬ್ಬರ ಫೋಟೋ: ಅಕ್ಕ ನಗುತ್ತಿದ್ದಾರೆ, ಇವರು ಕ್ಯಾಮೆರಾವನ್ನೇ ಗುಮಾನಿಯಿಂದ ನೋಡುತ್ತಿದ್ದಾರೆ.

ಅಕ್ಕ ತೀರಿಕೊಂಡು ಕೆಲವು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ನಾನಿದ್ದ ನ್ಯಾಮತಿಗೆ ಫೋನ್ ಮಾಡಿದರು.

"ಮೇಷ್ಟ್ರೇ, ನಿಮ್ಮ ಕಾರು ಓಡ್ತೈತಾ?"

"ಓಡ್ತೈತೆ ಟೀಚರ್."

"ದಾವಣಗೆರೆಗೆ ಹೋಗಿ ಬರೋವಷ್ಟು? ಒಂದು ಸಿ.ಡಿ. ಪ್ಲೇಯರ್ ತಗೋಬೇಕು. ಒಳ್ಳೇದು. ಎಷ್ಟಾದ್ರೂ ಆಗ್ಲಿ, ಧ್ವನಿ ಇದ್ದದ್ದು ಇದ್ದಂಗೆ ಬರಬೇಕು."

ಈ ಕಾಲದಲ್ಲಿ ಸಿ.ಡಿ. ಪ್ಲೇಯರ್ ಯಾರು ಕೊಳ್ಳುತ್ತಾರೆ? ಮೊಬೈಲಿಗೆ ಹಾಕಿಕೊಡುತ್ತೇನೆ ಅಂದೆ. "ಅದಕ್ಕೆ ಹಾಕುವಾಗ ಏನೇನು ಕಿತ್ತು ಬಿಸಾಕ್ತಾರೋ ಯಾರಿಗೆ ಗೊತ್ತು" ಅಂದರು. ಒಂಟಿಯಾಗಿದ್ದು ತಲೆ ಸ್ವಲ್ಪ ಸಡಿಲವಾಗಿದೆಯೇನೋ ಎಂಬ ಅನುಮಾನ ನನಗೆ ಬಂತು. ಆದರೂ ಹೊರಟೆ.

ದಾವಣಗೆರೆಯ ಅಂಗಡಿಯವನು ನಮ್ಮನ್ನು ತಂಪು ಕೋಣೆಯೊಂದಕ್ಕೆ ಕರೆದುಕೊಂಡು ಹೋಗಿ, ತನ್ನದೇ ಒಂದು ಡಿಸ್ಕ್ ಹಾಕಿದ. ಡೋಲು ಎದೆಗೆ ಬಂದು ಗುದ್ದಿತು. "ಹೆಂಗೈತೆ ಮೇಡಂ?" ಅಂದ.

"ಇದು ನಿಮ್ಮ ಡಿಸ್ಕು. ನಿಮ್ಮ ಡಿಸ್ಕಿಗೆ ನಿಮ್ಮ ಮಷೀನು ಚೆನ್ನಾಗೇ ಹಾಡ್ತೈತೆ. ನಂದು ಹಾಕ್ರಿ."

ಅವರ ಸಿ.ಡಿ. ಹಾಕಿದ. ಇಬ್ಬರು ಹೆಂಗಸರು ದೊಡ್ಡ ಹಂಡೆಯೊಳಗೆ ಕೂತು ಹಾಡಿದಂತೆ ಕೇಳಿಸಿತು. ಅವನು ಯಾವುದೋ ಗುಂಡಿ ತಿರುಗಿಸಿದ. ಈಗ ಧ್ವನಿ ಗಾಜಿನ ಚೂರಿನಂತೆ ಚುಚ್ಚತೊಡಗಿತು. ಇನ್ನೊಂದು ತಿರುಗಿಸಿದ.

"ತಿರುಗಿಸೋದು ಬ್ಯಾಡ್ರಿ" ಅಂದರು ಟೀಚರ್. "ತಿರುಗಿಸಿ ತಿರುಗಿಸಿ ನನಗೆ ಬೇಕಾದಂಗೆ ಕೇಳಿಸ್ತೀರಿ. ನನಗೆ ಬೇಕಾದಂಗೆ ಬ್ಯಾಡ, ಅದು ಇದ್ದಂಗೆ ಬೇಕು."

ಮಧ್ಯಾಹ್ನದ ಹೊತ್ತಿಗೆ ಅಂಗಡಿಯವನ ತಾಳ್ಮೆ ಮುಗಿಯಿತು. "ಮೇಡಂ, ಚನ್ನಗಿರಿಯಾಗೆ ಹಾರ್ಡ್‌ವೇರ್ ಅಂಗಡಿ ಸಾಹೇಬ್ರೊಬ್ಬರು ಇದಾರೆ. ಮಹಡಿ ಮೇಲೆ ಇಂಥವೇ ಮಷೀನು ಇಟ್ಕೊಂಡಿದಾರೆ. ಅವರೂ ನಿಮ್ಮ ಥರಾನೇ. ಅಲ್ಲಿಗೆ ಹೋಗ್ರಿ" ಅಂದು ವಿಳಾಸ ಹೇಳಿದ.

"ಅವರಿಗೂ ಇವನಿಗೂ ಏನೋ ಒಳಒಪ್ಪಂದ ಇರಬೇಕು" ಅಂದರು ಟೀಚರ್ ಕಾರಿನಲ್ಲಿ ಕೂತು. ಆದರೆ ವಿಳಾಸದ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡರು.

ಸೂಳೆಕೆರೆಯ ಏರಿಯ ಹತ್ತಿರ ಬಂದಾಗ ಕಾರು ನಿಲ್ಲಿಸಲು ಹೇಳಿದರು. ಇಳಿದು ನೀರು ನೋಡುತ್ತಾ ನಿಂತರು. ದೂರದಲ್ಲಿ ಮೀನು ಹಿಡಿಯುವವರ ತೆಪ್ಪಗಳಿದ್ದವು.

"ಮೇಷ್ಟ್ರೇ, ನೀವು ನನಗೆ ತಲೆ ಕೆಟ್ಟೈತೆ ಅನ್ಕೊಂಡೀರಿ."

"ಇಲ್ಲ ಟೀಚರ್."

"ಅನ್ಕೊಂಡೀರಿ. ಇರ್ಲಿ. ಆ ಸಿ.ಡಿ.ಯಾಗೆ ಕೊನೇ ಹಾಡು ಐತಲ್ಲ, ಅದರಾಗೆ ಹಿಂದಿನ ಧ್ವನಿ ನಂದಲ್ಲ ಅಂತ ನನಗೆ ಗುಮಾನಿ."

ಆಮೇಲೆ ಹೇಳಿದರು. ರೆಕಾರ್ಡಿಂಗ್ ಎರಡು ದಿನ ನಡೆದಿತ್ತು. ಮೊದಲ ದಿನ ಹಾಡಿ ಹಾಡಿ ಇವರ ಗಂಟಲು ಕಟ್ಟಿತು. ಕೊನೆಯ ಹಾಡನ್ನು ಒಮ್ಮೆ ಹಾಡಿದ ಹಾಗೆ ನೆನಪು, ಹಾಡದೆ ಬಿಟ್ಟ ಹಾಗೂ ನೆನಪು. ಇಬ್ಬರೂ ಜಗಳೂರಿಗೆ ಅಕ್ಕನ ಮನೆಗೆ ಮರಳುವಷ್ಟರಲ್ಲಿ ಜ್ವರ ಏರಿತ್ತು. ಮರುದಿನ ಇವರು ಅಲ್ಲೇ ಮಲಗಿದ್ದರು. ಅಕ್ಕ, ಆಗ ಕಾಲೇಜಿನಲ್ಲಿದ್ದ ತನ್ನ ಮಗಳನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಹೋದರು. ಸಂಜೆ ಬಂದು, "ಎಲ್ಲಾ ಮುಗೀತು ಬಿಡು, ನಿನ್ನೆ ನೀನು ಹಾಡಿದ್ದನ್ನೇ ಹಾಕ್ಕೊಂಡ್ರು" ಅಂದರು.

"ನಿನ್ನೆ ಹಾಡಿದ್ದನ್ನೇ ಹಾಕಿದ್ರೆ ಗಂಟಲು ಕಟ್ಟಿರಬೇಕಲ್ಲ? ಸಿ.ಡಿ.ಯಾಗೆ ಸಾಫ್ ಐತೆ. ಹೆಂಗೆ?"

"ಸ್ಟುಡಿಯೋದವರು ಏನೋ ಸರಿ ಮಾಡಿರ್ತಾರೆ ಟೀಚರ್."

"ಮಾಡಿರಬಹುದು. ಇಲ್ಲಾ, ಅಕ್ಕನೇ ನನ್ನ ಥರ ಹಾಡಿರಬಹುದು. ಇಬ್ಬರ ಧ್ವನಿ ಒಂದೇ ಥರ, ನಮ್ಮವ್ವನಿಗೇ ಗೊತ್ತಾಗ್ತಿರಲಿಲ್ಲ. ಮನೆಯಾಗಿರೋ ಡಬ್ಬಾದಾಗೆ ಕೇಳಿದ್ರೆ ಎರಡೂ ಕಲಸಿಹೋಗ್ತಾವೆ. ಅದಕ್ಕೆ ಒಳ್ಳೇ ಪ್ಲೇಯರ್ ಬೇಕು."

"ಗೊತ್ತಾಗಿ ಏನು ಮಾಡ್ತೀರಿ? ಅವರೇ ಇಲ್ಲ ಈಗ."

ಅವರು ಏರಿಯ ಕಲ್ಲಿನ ಮೇಲೆ ಕೂತರು.

"ಚಿಕ್ಕೋಳಿದ್ದಾಗಿಂದ ನನ್ನ ಬದಲಿಗೆ ಅಕ್ಕನೇ ಮಾತಾಡೋಳು. ಯಾರಾದ್ರೂ ನನ್ನ ಹೆಸರು ಕೇಳಿದ್ರೆ ಅವಳು ಹೇಳೋಳು. ಗಂಡು ನೋಡಾಕೆ ಬಂದಾಗ ಒಲ್ಲೆ ಅಂತ ಹೇಳಿದ್ದೂ ಅವಳೇ. ನನಗೆ ಒಪ್ಪಿಗೆ ಇತ್ತೋ ಇಲ್ವೋ ಅವಳು ಕೇಳಲೇ ಇಲ್ಲ. ನಾನು ಬಾಯಿ ತೆಗೀತಿದ್ದದ್ದು ಹಾಡುವಾಗ. ಅದನ್ನೂ ಅವಳೇ ಮಾಡಿದ್ಲು ಅಂದ್ರೆ ನಾನು ಎಲ್ಲಿದ್ದೆ ಮೇಷ್ಟ್ರೇ?"

ಇದಕ್ಕಿಂತ ತುರ್ತಿನ ಕಾರಣವೂ ಇತ್ತು. ಅಕ್ಕನ ವರ್ಷದ ಪುಣ್ಯಸ್ಮರಣೆಗೆ ಆ ಸಿ.ಡಿ. ಹಾಕಿ, ಉಳಿದಿರುವ ಹಾಡುಗಾರ್ತಿ ಅಂತ ಇವರಿಗೆ ಶಾಲು ಹೊದಿಸಬೇಕೆಂದು ಅಕ್ಕನ ಮಗಳು ನಿಶ್ಚಯ ಮಾಡಿದ್ದಳು. "ನಂದಲ್ಲದ ಧ್ವನಿಗೆ ನಾನು ಶಾಲು ಹೊದಿಸ್ಕೊಳ್ಳಾಕೆ ಆಗಲ್ಲ" ಅಂದು ಕಾರು ಹತ್ತಿದರು.

ಚನ್ನಗಿರಿಯ ಸಾಹೇಬರು ಮೊಳೆ, ಬೀಗ, ಪೈಪುಗಳ ನಡುವೆ ಕೂತಿದ್ದ ದಪ್ಪನೆಯ ಮನುಷ್ಯ. ನಾವು ಬಂದ ಕೆಲಸ ಕೇಳಿದ್ದೇ ತಡ, ಗಲ್ಲಾ ಮಗನಿಗೆ ಒಪ್ಪಿಸಿ ಮಹಡಿ ಹತ್ತಿಸಿದರು. ಅಲ್ಲಿ ಗೋಡೆಗೆಲ್ಲ ದಪ್ಪ ಜಮಖಾನೆ, ಮೂಲೆಗೆ ಎರಡು ಎತ್ತರದ ಸ್ಪೀಕರು, ಮೇಜಿನ ಮೇಲೆ ಮೂರು ಸಿ.ಡಿ. ಪ್ಲೇಯರು.

"ಮೂರು ಯಾಕೆ ಬೇಕು ಒಬ್ಬರಿಗೆ?" ಅಂತ ಟೀಚರ್ ಕುಳಿತುಕೊಳ್ಳುವ ಮುಂಚೆಯೇ ಕೇಳಿದರು.

ಸಾಹೇಬರು ನಕ್ಕರು. "ನಮ್ಮ ಮನೆಯವರೂ ಇದನ್ನೇ ಕೇಳ್ತಾರ್ರೀ. ಒಂದನ್ನ ನಂಬಿ ತಂದೆ, ಮೋಸ ಹೋದೆ. ಇನ್ನೊಂದು ತಂದೆ, ಅದೂ ಹಂಗೇ. ಮೂರನೇದು ನಿಜ ಹೇಳ್ತೈತೋ ಇಲ್ವೋ ನೋಡಾಕೆ ಮೊದಲಿನವು ಎರಡೂ ಬೇಕಲ್ಲ?"

ಈ ಉತ್ತರ ಟೀಚರಿಗೆ ಹಿಡಿಸಿತು. ಆದರೂ ಬಿಡಲಿಲ್ಲ. "ನಿಮ್ಮದು ಮಾರೋ ಆಲೋಚನೆ ಐತಾ?" "ಅಯ್ಯೋ, ಪ್ರಾಣ ಹೋದ್ರೂ ಇಲ್ಲ." "ಹಂಗಾದ್ರೆ ಕೇಳಿಸ್ರಿ."

ಸಾಹೇಬರು ಮೊಬೈಲಿನಲ್ಲಿ ಸದ್ದು ಅಳೆಯುವ ಏನನ್ನೋ ತೆರೆದು, ಮೂರರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದರು. "ಒಂದು ಚೂರು ಜೋರಿದ್ರೂ ಅದೇ ಚೆಂದ ಅನಿಸಿಬಿಡ್ತೈತೆ ಟೀಚರಮ್ಮ. ಅಂಗಡಿಯವರು ನಮ್ಮನ್ನ ಏಮಾರಿಸೋದೇ ಅಲ್ಲಿ." ಟೀಚರ್ ಅದಕ್ಕೊಂದು ಸೇರಿಸಿದರು: ಮೇಜಿಗೆ ಅಡ್ಡಲಾಗಿ ಒಂದು ಹಾಸಿಗೆ ಬಟ್ಟೆ ಕಟ್ಟಿಸಿದರು. "ಯಾವುದು ಹಾಡ್ತೈತೆ ಅಂತ ಹೇಳಬ್ಯಾಡ್ರಿ. ನಿಮ್ಮ ಮುಖಾನೂ ತೋರಿಸಬ್ಯಾಡ್ರಿ. ಮೇಷ್ಟ್ರೇ, ನೀವು ಗೋಡೆ ಕಡೆ ತಿರುಗ್ರಿ." ನಾನು ಶಿಕ್ಷೆಗೊಳಗಾದ ವಿದ್ಯಾರ್ಥಿಯಂತೆ ಗೋಡೆ ನೋಡುತ್ತಾ ಕೂತೆ.

ಕೊನೆಯ ಹಾಡು ಬಂತು. ಮೊದಲ ಪ್ಲೇಯರಿನಲ್ಲಿ ಎಲ್ಲವೂ ಎದ್ದು ಎದ್ದು ಕೇಳಿಸಿತು. ಸಕಾರ ಬಂದಲ್ಲೆಲ್ಲ ಹಾವು ಬುಸುಗುಟ್ಟಿದ ಹಾಗೆ. ಟೀಚರ್ ಕಿವಿ ಮುಚ್ಚಿಕೊಂಡರು. "ಇದು ಚಾಡಿ ಹೇಳೋ ಮಷೀನು. ಇಲ್ಲದ್ದನ್ನೂ ಸೇರಿಸ್ತೈತೆ." ಎರಡನೆಯದು ಬೆಣ್ಣೆ. ಕೇಳುತ್ತಿದ್ದರೆ ಕಣ್ಣು ಮುಚ್ಚಿಹೋಗುವಷ್ಟು ನಯ. ನನಗಂತೂ ಅದೇ ಸರಿ ಅನ್ನಿಸಿತು. ಟೀಚರ್ ಅರ್ಧಕ್ಕೇ ನಿಲ್ಲಿಸಿದರು. "ಇದು ಮುಚ್ಚಿಡ್ತೈತೆ. ಯಾರೂ ಉಸಿರೇ ಆಡ್ತಿಲ್ಲ ಇದರಾಗೆ."

ಮೂರನೆಯದರಲ್ಲಿ ವಿಶೇಷವೇನೂ ಕಾಣಲಿಲ್ಲ. ಒಳಕೋಣೆಯಲ್ಲಿ ಇಬ್ಬರು ಹೆಂಗಸರು ಕೂತು ಹಾಡುತ್ತಿದ್ದಾರೆ, ಬಾಗಿಲು ತೆರೆದಿದೆ, ಅಷ್ಟೇ. ಟೀಚರ್ ನಿಲ್ಲಿಸಲು ಹೇಳಲಿಲ್ಲ. ಹಾಡು ಮುಗಿದ ಮೇಲೆ ಇನ್ನೊಂದು ಸಲ ಅಂದರು. ಮತ್ತೊಂದು ಸಲ ಅಂದರು. ಸಾಹೇಬರು ಬಟ್ಟೆಯ ಹಿಂದಿನಿಂದ ಏನೂ ಕೇಳದೆ ಹಾಕುತ್ತಲೇ ಹೋದರು. ನಾನು ತಡೆಯಲಾರದೆ ತಿರುಗಿ ನೋಡಿದೆ. ಅವರು ತಲೆ ತಗ್ಗಿಸಿ, ಒಂದು ಕೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಕೂತಿದ್ದರು.

"ಕೇಳಿಸ್ತಾ?" ಅಂದರು. "ಹಿಂದಿನ ಧ್ವನಿ ಸಾಲು ಎತ್ತಿಕೊಳ್ಳೋ ಮುಂಚೆ."

ಕೇಳಿದೆ. ಸಾಲಿಗೆ ಮುಂಚೆ ಒಂದು ಸಣ್ಣ ಉಸಿರು, ಮೂಗಿನಿಂದ ಎಳೆದದ್ದು, ತುದಿಯಲ್ಲಿ ಕೀಲು ಕಿರುಗುಟ್ಟಿದಂತೆ ಒಂದು ಸದ್ದು.

"ಅಕ್ಕನಿಗೆ ಮೂಗಿನಾಗೆ ತೊಂದರೆ ಇತ್ತು. ಪಕ್ಕದಾಗೆ ಮಲಗಿ ಹುಡುಗಿಯಾಗಿದ್ದಾಗಿಂದ ಕೇಳೀನಿ ಆ ಸದ್ದು. ಧ್ವನಿ ಕೇಳಾಕೆ ನಂದೇ ಮೇಷ್ಟ್ರೇ, ನನ್ನ ಥರಾನೇ ಸಾಲಿನ ತುದಿ ನುಂಗ್ತಾಳೆ. ಉಸಿರು ಅಕ್ಕಂದು."

ಸಾಹೇಬರು ಬಟ್ಟೆ ಸರಿಸಿ ಬಂದು ನಿಂತಿದ್ದರು. ಚಹಾ ಬಂತು. ಟೀಚರ್ ಲೋಟ ಪಕ್ಕಕ್ಕಿಟ್ಟರು.

"ಇಂಥದ್ದೇ ಒಂದು ತರಿಸಿಕೊಡ್ರಿ" ಅಂದರು ಟೀಚರ್.

"ತಿಳ್ಕೋಬೇಕಾದ್ದು ತಿಳೀತಲ್ಲ, ಇನ್ಯಾಕೆ?" ಅಂದೆ ನಾನು. ಬೆಲೆ ಏನಿರಬಹುದೆಂಬ ಅಂದಾಜು ನನಗಾಗಲೇ ಸಿಕ್ಕಿತ್ತು.

"ಒಂದು ದಿನ ಕೇಳಿ ನಂಬೋಳಲ್ಲ ನಾನು."

ಸಾಸ್ವೆಹಳ್ಳಿಯ ಮೇಲೆ ಹೊನ್ನಾಳಿಗೆ ಬರುವ ದಾರಿಯುದ್ದಕ್ಕೂ ಅವರು ಸಿ.ಡಿ.ಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಹೊಸ ಪ್ಲೇಯರ್ ಬಂದ ದಿನ ಮತ್ತೊಂದು ರಗಳೆ. ಪೆಟ್ಟಿಗೆಯ ಅಂಟು ಪಟ್ಟಿ ಒಂದು ಕಡೆ ಸ್ವಲ್ಪ ಎದ್ದಿತ್ತು. ಕೇಳಿಸಿದ್ದೊಂದು, ಕಳಿಸಿದ್ದೊಂದು ಅಂತ ಅವರ ವಾದ. ಕಡೆಗೆ ಸಾಹೇಬರು ತಮ್ಮ ಪ್ಲೇಯರನ್ನೇ ಕಂಬಳಿಯಲ್ಲಿ ಸುತ್ತಿ ಹೊನ್ನಾಳಿಗೆ ಹೊತ್ತು ತಂದು ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿಸಿದರು. ಜೊತೆಗೆ ತಮ್ಮ ಹತ್ತಿರ ಸುಮ್ಮನೆ ಬಿದ್ದಿದ್ದ ಹಳೆಯ ಆಂಪ್ಲಿಫೈಯರ್, ಸಣ್ಣ ಸ್ಪೀಕರು ಪುಕ್ಕಟೆ ಕೊಟ್ಟರು. ಅವರು ಹೋದ ಮೇಲೆ ಟೀಚರ್ ನನ್ನ ಹತ್ತಿರ, "ಪುಕ್ಕಟೆ ಕೊಟ್ಟಾರಂದ್ರೆ ಒಳಗೇನೋ ಸುಟ್ಟಿರಬೇಕು, ಬಿಚ್ಚಿ ನೋಡ್ರಿ" ಅಂದರು. ಬಿಚ್ಚಿ ನೋಡಿದೆ. ಏನೂ ಸುಟ್ಟಿರಲಿಲ್ಲ. ಬೀದಿಯವರಿಗೆ ಟೀಚರ್ ಮೇಲೆಯೇ ಅನುಮಾನ ಶುರುವಾಯಿತು. ಹಗಲೆಲ್ಲ ಒಂದೇ ಹಾಡು ಹಾಕಿಕೊಂಡು ಕೂರುತ್ತಾರೆ, ಮಾಟ ಗೀಟ ಏನಾದರೂ ಇರಬಹುದೇ ಅಂತ ಎದುರು ಮನೆಯಾಕೆ, ಟೀಚರನ್ನು ನೋಡಲು ಹೋಗಿದ್ದ ನನ್ನ ಹೆಂಡತಿಯನ್ನು ವಿಚಾರಿಸಿದರಂತೆ.

ಪುಣ್ಯಸ್ಮರಣೆಗೆ ಜಗಳೂರಿಗೆ ನಾನೇ ಕರೆದುಕೊಂಡು ಹೋದೆ. ಮನೆಯ ಮುಂದೆ ಸಣ್ಣ ಶಾಮಿಯಾನ, ನೆಂಟರು, ಅಕ್ಕಪಕ್ಕದವರು. ಅಕ್ಕನ ಮಗಳು ಶಾಲು ಹಿಡಿದು ಬಂದಳು. ಟೀಚರ್ ಅವಳ ಕೈ ತಡೆದು, ಎಲ್ಲರಿಗೂ ಕೇಳಿಸುವಂತೆ, "ಆ ಕೊನೇ ಹಾಡು ನಾನು ಹಾಡಿದ್ದಲ್ಲ. ಎರಡೂ ಧ್ವನಿ ಅಕ್ಕಂದೇ. ಶಾಲು ಅವಳ ಫೋಟೋಕ್ಕೆ ಹಾಕ್ರಿ" ಅಂದರು.

ಜನ ಗಲಿಬಿಲಿಯಾದರು. "ಇರ್ಲಿ ಬಿಡ್ರಿ ಟೀಚರ್, ಅಕ್ಕ ಆದ್ರೇನು ತಂಗಿ ಆದ್ರೇನು" ಅಂದರು ಯಾರೋ ಹಿರಿಯರು. ಟೀಚರ್ ಅವರ ಕಡೆ ನೋಡಿದ ನೋಟಕ್ಕೆ ಆ ಹಿರಿಯರು ತಟ್ಟೆಯ ಕಡೆ ಮುಖ ತಿರುಗಿಸಿದರು.

ಊಟವಾದ ಮೇಲೆ ಅಕ್ಕನ ಮಗಳು ನಮ್ಮಿಬ್ಬರನ್ನೂ ಒಳಗೆ ಕರೆದಳು. ಅವಳ ಕಣ್ಣುಗಳು ಕೆಂಪಾಗಿದ್ದವು.

"ಚಿಕ್ಕಮ್ಮ, ಅವತ್ತು ನಾನು ಅಮ್ಮನ ಜೊತೆಗಿದ್ದೆ. ನಿನ್ನ ಧ್ವನಿ ಸರಿ ಬಂದಿಲ್ಲ, ಆ ಹಾಡು ಬಿಟ್ಟುಬಿಡಾಣ ಅಂದ್ರು ಸ್ಟುಡಿಯೋದವರು. ಇಲ್ಲಾಂದ್ರೆ ನೀವೊಬ್ಬರೇ ಹಾಡ್ರಿ ಅಂದ್ರು. ಅಮ್ಮ ಒಪ್ಪಲಿಲ್ಲ. ನನ್ನ ತಂಗಿ ಇಲ್ಲದ ಹಾಡು ನನಗೆ ಬ್ಯಾಡ ಅಂತ ಅತ್ಲು. ಆಮೇಲೆ ನಿನ್ನ ಥರಾನೇ ಹಾಡಿದ್ಲು. ನಿನಗೆ ಬೇಜಾರಾಗ್ತೈತೆ ಅಂತ ಹೇಳಲಿಲ್ಲ."

"ಅತ್ಲಾ?"

"ಹೂಂ ಚಿಕ್ಕಮ್ಮ."

"ಅಕ್ಕ ಅತ್ತಿದ್ದು ನಾನು ಜನ್ಮದಾಗೆ ನೋಡಿಲ್ಲ."

ವಾಪಸು ಬರುವಾಗ ಕೇಳಿದೆ, ನಂಬಿದಿರಾ ಅಂತ. "ಆ ಹುಡುಗಿ ಮಾತು ಸಾಹೇಬ್ರ ಎರಡನೇ ಪ್ಲೇಯರ್ ಇದ್ದಂಗೈತೆ. ಬೆಣ್ಣೆ. ಸತ್ತೋರ ಪರವಾಗಿ ಎಲ್ಲರೂ ಒಳ್ಳೇದೇ ಹೇಳ್ತಾರೆ" ಅಂದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಅವಳು ಹೇಳಿದ ರೀತಿಯಲ್ಲಿ ಎಲ್ಲೂ ಒಂದು ತಡವರಿಕೆ ಇರಲಿಲ್ಲ.

ಆದರೆ ಟೀಚರ್ ಅಲ್ಲಿಗೆ ಬಿಡುವವರಲ್ಲ. ಅಲ್ಲಿಂದ ಮುಂದೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿಕೊಂಡು ಜಗಳೂರಿಗೆ ಹೋಗಲು ಶುರು ಮಾಡಿದರು. ಅದುವರೆಗೆ ಹಬ್ಬಕ್ಕೂ ಹೋಗುತ್ತಿರಲಿಲ್ಲ. ಹೋದಾಗಲೆಲ್ಲ ಒಂದೊಂದು ಪ್ರಶ್ನೆ. ಅಕ್ಕ ನಿಂತು ಹಾಡಿದಳೋ, ಕೂತೋ? ನೀರು ಕೇಳಿದಳೋ? ಮೊದಲು ತನ್ನ ಸಾಲು ಹಾಡಿದಳೋ, ನನ್ನದನ್ನೋ? ನನ್ನ ಥರ ಹಾಡುವಾಗ ನಕ್ಕಳೋ? ಅಕ್ಕನ ಮಗಳು ಉತ್ತರ ಹೇಳುವಳು. ಟೀಚರ್ ಹಿಂದಿನ ಸಲದ ಉತ್ತರದ ಜೊತೆ ತಾಳೆ ಹಾಕುವರು.

"ನಂಬಲ್ಲ ಅಂದ ಮೇಲೆ ಯಾಕೆ ಕೇಳ್ತೀಯ ಚಿಕ್ಕಮ್ಮ?" ಅಂತ ಅವಳು ಒಮ್ಮೆ ರೇಗಿದಳಂತೆ.

"ನೀನು ಎಲ್ಲಿ ತಪ್ಪಿ ಬೀಳ್ತೀಯ ನೋಡಾಕೆ."

ಹೀಗೆ ತಪಾಸಣೆಗೆಂದು ಹೋದವರು ಒಂದು ರಾತ್ರಿ ಉಳಿದರು, ಆಮೇಲೆ ವಾರ ಉಳಿದರು. ಅವರ ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿದಾಗ ಅಕ್ಕನ ಮಗಳೇ ಬಂದು ಬಟ್ಟೆ, ಪ್ಲೇಯರ್, ಸ್ಪೀಕರು ಎಲ್ಲವನ್ನೂ ಗಾಡಿಗೆ ಹಾಕಿಸಿಕೊಂಡು ಹೋದಳು. ಟೀಚರ್ ಬೇಡ ಅನ್ನಲಿಲ್ಲ. "ನನ್ನ ಮನೆ ಬೀಗದ ಕೈ ಮಾತ್ರ ನನ್ನ ಹತ್ರಾನೇ ಇರ್ತೈತೆ" ಅಂದರಂತೆ.

ಕೊನೆಯ ಸಲ ನಾನು ಜಗಳೂರಿಗೆ ಹೋದಾಗ ಅವರು ಕಿಟಕಿ ಪಕ್ಕದ ಮಂಚದ ಮೇಲಿದ್ದರು. ತೆಳ್ಳಗಾಗಿದ್ದರು, ಕಣ್ಣು ಮಾತ್ರ ಅದೇ. ಅಕ್ಕನ ಮಗಳು ಅಡುಗೆಮನೆಯಲ್ಲಿ ನನಗೆ ಉಪ್ಪಿಟ್ಟು ಮಾಡುತ್ತಿದ್ದಳು. ಟೀಚರ್ ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬರಲು ಸನ್ನೆ ಮಾಡಿದರು.

"ಸಿಕ್ಕಿಬಿದ್ಲು ಮೇಷ್ಟ್ರೇ."

"ಯಾರು?"

"ಇವಳೇ. ನಿನ್ನೆ ಕೇಳಿದೆ, ಅವತ್ತು ಸ್ಟುಡಿಯೋದಾಗೆ ನಿಮ್ಮಮ್ಮ ಯಾವ ಸೀರೆ ಉಟ್ಟಿದ್ಲು ಅಂತ. ಆ ನೇರಳೆ ಬಣ್ಣದ ಇಳಕಲ್ ಸೀರೆ, ಕೆಂಪು ಸೆರಗಿಂದು ಅಂದ್ಲು. ಕಣ್ಣಿಗೆ ಕಟ್ಟಿದಂಗೆ ಹೇಳಿದ್ಲು."

"ಸರಿ, ಅದರಾಗೇನು?"

"ಆ ಸೀರೆ ಅವತ್ತು ನನ್ನ ಮೈಮೇಲಿತ್ತು. ಜ್ವರಕ್ಕೆ ಚಳಿ ಅಂತ ಅಕ್ಕ ಹೊರಡುವಾಗ ನನಗೆ ಹೊದಿಸಿ ಹೋಗಿದ್ಲು. ಇಡೀ ದಿನ ಅದರಾಗೇ ಮುದುಡಿಕೊಂಡು ಮಲಗಿದ್ದೆ. ಈ ಹುಡುಗಿ ಸ್ಟುಡಿಯೋದ ಒಳಗೆ ಹೋಗಿದ್ಲೋ ಇಲ್ವೋ, ಅದೂ ನನಗೆ ಅನುಮಾನ. ಅತ್ತಿದ್ದು, ತಂಗಿ ಇಲ್ಲದ ಹಾಡು ಬ್ಯಾಡ ಅಂದಿದ್ದು, ಎಲ್ಲಾ ಇವಳೇ ಹೊಸೆದದ್ದು. ನಾನು ಕೇಳ್ತಾ ಹೋದೆ, ಇವಳು ಹೊಸೀತಾ ಹೋದ್ಲು."

ಒಳಗೆ ಒಗ್ಗರಣೆ ಸಿಡಿಯುತ್ತಿತ್ತು. ಬದುಕಿನುದ್ದಕ್ಕೂ ಒಂದು ಸುಳ್ಳನ್ನೂ ಹಾಗೇ ಬಿಡದ ಹೆಂಗಸು. ಪಾಪ, ಆ ಮಗಳಿಗೆ ಏನು ಮಂಗಳಾರತಿ ಆಯಿತೋ ಅಂದುಕೊಂಡೆ.

"ಅವಳಿಗೆ ಏನಂದ್ರಿ?" ಅಂತ ಕೇಳಿದೆ.

ಟೀಚರ್ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು.

"ಹೌದು ಕಣವ್ವಾ, ಅದೇ ಸೀರೆ ಅಂದೆ."